ಪಾವ್ಲೊನ ಪಾಲು

ಸಿಲ್ವೆಸ್ಟರ್ ಚಿಸಾಂಗಾ ನನ್ನನ್ನು ಕಳ್ಳಿ ಎಂದು ಹಾಡಿದ, ದೇಶವೆಲ್ಲ ಕೇಳಿತು. ಒಂದು ವರ್ಷ ಆ ಹಾಡಿನಿಂದ ನಾನು ತಲೆ ಎತ್ತಿ ನಡೆಯಲಾರದೆ ಹೋದೆ. ಆದರೂ ಇವತ್ತು ಯಾರಾದರೂ ನನ್ನೆದುರು ಅವನ ಮೇಲೆ ಒಂದು ಮಾತಾಡಲಿ, ಅವರ ಗ್ರಹಚಾರ ಬಿಡಿಸುತ್ತೇನೆ. ಅವನನ್ನು ಬೈಯುವ ಹಕ್ಕು ನನ್ನಂಥವರಿಗೆ ಮಾತ್ರ ಇರುವುದು. ಅವನು ಚಿರತೆ ಬೆಡಗಿನವನು, ನಾನು ಮೇಕೆ ಬೆಡಗಿನವಳು.

ನಮ್ಮಲ್ಲಿ ಬೆಡಗು, ಅಂದರೆ ಕುಲ, ತಾಯಿಯ ಕಡೆಯಿಂದ ಬರುತ್ತದೆ. ಚಿರತೆ ಮೇಕೆಯನ್ನು ತಿನ್ನುತ್ತದಾದ್ದರಿಂದ ಈ ಎರಡು ಬೆಡಗಿನವರು ಒಬ್ಬರಿಗೊಬ್ಬರು ಮುನುಂಗ್ವೆ. ಮುನುಂಗ್ವೆ ಎದುರಾದರೆ ಕ್ಷೇಮ ಸಮಾಚಾರದ ಬದಲು ಬೈಗುಳ. ಅವನ ತಟ್ಟೆಯಿಂದ ಮೀನು ಎತ್ತಿಕೊಳ್ಳಬಹುದು, ಅವನ ಟೋಪಿ ಹಾಕಿಕೊಂಡು ಹೋಗಿಬಿಡಬಹುದು. ಅವನ ಮನೆಯಲ್ಲಿ ಸಾವಾದರೆ ಹೆಣದ ಪಕ್ಕ ಕುಳಿತು "ಅಂತೂ ಮುದುಕಿ ಜಾಗ ಖಾಲಿ ಮಾಡಿದಳು" ಎಂದು ಅಳುವವರನ್ನು ನಗಿಸಬಹುದು. ಗುಂಡಿ ತೋಡಿ ಮಣ್ಣು ಮಾಡುವವರೂ ನಾವೇ. ಇದಕ್ಕೆಲ್ಲ ಇರುವ ಕಟ್ಟಳೆ ಒಂದೇ, ಬೇಜಾರು ಮಾಡಿಕೊಳ್ಳುವಂತಿಲ್ಲ. ಮುನುಂಗ್ವೆಯ ಮಾತಿಗೆ ಮುಖ ಊದಿಸಿಕೊಂಡರೆ ನಾಳೆ ನಮ್ಮನ್ನು ಹೂಳಲು ಯಾರೂ ಬರುವುದಿಲ್ಲ ಎಂದು ನಮ್ಮಜ್ಜಿ ಹೆದರಿಸುತ್ತಿದ್ದಳು.

ನಾವಿಬ್ಬರೂ ಕಶಿಕಿಶಿಯಲ್ಲಿ, ಮ್ವೇರು ಸರೋವರದ ದಂಡೆಯಲ್ಲಿ, ಎರಡು ಮನೆ ಅಂತರದಲ್ಲಿ ಬೆಳೆದೆವು. ನಾಲ್ಕನೇ ವಯಸ್ಸಿನಲ್ಲಿ ಅವನಿಗೆ ದಡಾರ ಎದ್ದಿತು. ಕಣ್ಣು ಕೆಂಪಾಗಿದೆ ಎಂದು ಅವನ ಸೋದರಮಾವ ಯಾವುದೋ ಸೊಪ್ಪಿನ ರಸ ಹಿಂಡಿದ. ದಡಾರ ಇಳಿಯಿತು, ಕಣ್ಣು ಹೋಯಿತು. ಆಮೇಲೆ ಊರಿಗೆ ಊರೇ ಅವನ ಮೇಲೆ ಕರುಣೆ ಸುರಿಯಿತು. ಮಕ್ಕಳು ಅವನೊಂದಿಗೆ ಮೆಲ್ಲಗೆ ಮಾತಾಡಬೇಕು, ಊಟದಲ್ಲಿ ಒಳ್ಳೆಯ ತುಂಡು ಅವನಿಗೆ ಬಿಡಬೇಕು ಎಂದೆಲ್ಲ ದೊಡ್ಡವರ ಅಪ್ಪಣೆಯಾಗಿತ್ತು. ಅವನ ತಟ್ಟೆಗೆ ಕೈ ಹಾಕಿದವಳು ನಾನೊಬ್ಬಳೇ. ಮೀನು ಮಾಯವಾಗಿದ್ದು ಗೊತ್ತಾಗಿ ಅವನು ಕಿರುಚಿದಾಗ ಅವನ ತಾಯಿ, ಕದ್ದವಳು ಮೇಕೆ ಕಣೋ, ನೀನು ಚಿರತೆ, ನೀನೂ ಕದಿಯಬಹುದು ಎಂದಳು. ಅವನು ಅಳು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿ ನಗತೊಡಗಿದ. ಮಾರನೇ ದಿನ ನನ್ನ ಚಪ್ಪಲಿ ಕಾಣೆಯಾಯಿತು. ಅವತ್ತಿನಿಂದ ನಮ್ಮ ಯುದ್ಧ ಶುರು.

ಹತ್ತು ವರ್ಷಕ್ಕೆ ಅವನು ಎಣ್ಣೆ ಡಬ್ಬಕ್ಕೆ ಮರದ ಹಿಡಿ ಕಟ್ಟಿ, ಸೈಕಲ್ಲಿನ ಬ್ರೇಕ್ ತಂತಿ ಬಿಡಿಸಿ ಎಳೆದು ಬ್ಯಾಂಜೊ ಮಾಡಿಕೊಂಡ. ಆ ಬ್ರೇಕ್ ನನ್ನ ಅಣ್ಣನ ಸೈಕಲ್ಲಿನದು. ಅಣ್ಣ ಇಳಿಜಾರಿನಲ್ಲಿ ನಿಲ್ಲಿಸಲಾಗದೆ ಬೇಲಿಗೆ ಹೋಗಿ ಬಿದ್ದ. ಅವನೂ ಮೇಕೆಯೇ ತಾನೆ, ನಗಲೇಬೇಕಾಯಿತು. ಚಿಸಾಂಗಾನ ಮೊದಲ ಹಾಡು ಆ ಬಿದ್ದದ್ದರ ಮೇಲೆ. ಎರಡನೆಯದು ನನ್ನ ಮೇಲೆ, ಮೂರನೆಯದೂ ನನ್ನ ಮೇಲೆ. ಬೆಸಾಳ ಕಾಲು ಕೊಕ್ಕರೆ ಕಾಲು, ಬೆಸಾ ಬೇಯಿಸಿದ ಸೊಪ್ಪನ್ನು ನಾಯಿ ಮೂಸಿ ಹಿಂದೆ ಸರಿಯಿತು, ಇಂಥವೇ. ಕಣ್ಣಿಲ್ಲದವನಿಗೆ ನನ್ನ ಕಾಲಿನ ಸುದ್ದಿ ಹೇಗೆ ಗೊತ್ತು ಎಂದು ನಾನು ಕೇಳಿದರೆ, ನೀನು ನಡೆದರೆ ಸದ್ದೇ ಬರಲ್ಲ, ಅಷ್ಟು ಸಣಕಲು ಎನ್ನುತ್ತಿದ್ದ.

ಹದಿನೆಂಟಕ್ಕೆ ನನಗೆ ಪಾವ್ಲೊ ಜೊತೆ ಮದುವೆಯಾಯಿತು. ಬಲೆ ಬೀಸುವವನು, ಮಾತು ಕಮ್ಮಿ. ಎರಡು ವರ್ಷಕ್ಕೆ ಚಿಸಾಂಗಾನ ತಾಯಿ ತೀರಿಕೊಂಡಳು. ಸತ್ತ ಮನೆಯಲ್ಲಿ ನಾನು ಎಷ್ಟು ಬೈಯಬೇಕೋ ಅಷ್ಟು ಬೈದು, ಎಲ್ಲರೂ ಹೋದ ಮೇಲೆ ಬಚ್ಚಲ ಹಿಂದೆ ಕುಳಿತು ಅತ್ತೆ. ಅವತ್ತು ಸಂಜೆಯೇ ಪಾವ್ಲೊ ಅವನ ಕೈ ಹಿಡಿದು ನಮ್ಮ ಅಂಗಳಕ್ಕೆ ಕರೆತಂದ. ಆಮೇಲೆ ಹನ್ನೊಂದು ವರ್ಷ ಅವನ ರಾತ್ರಿಯೂಟ ನಮ್ಮಲ್ಲೇ ಆಯಿತು.

ನಮ್ಮ ಕಡೆ ಗಂಡಸರು ಅಂಗಳದ ತುದಿಯ ಹುಲ್ಲುಚಪ್ಪರದಲ್ಲಿ ಉಣ್ಣುತ್ತಾರೆ, ಹೆಂಗಸರು ಮಕ್ಕಳು ಒಲೆಯ ಹತ್ತಿರ. ಮರಗೆಣಸಿನ ಹಿಟ್ಟಿನ ಮುದ್ದೆ ಒಂದು ಬೋಗುಣಿಯಲ್ಲಿ, ಸಾರು ಇನ್ನೊಂದರಲ್ಲಿ, ಎರಡಕ್ಕೂ ಮುಚ್ಚಳ ಹಾಕಿ ನನ್ನ ಮಗಳು ಮುಸೊಂಡಾ ಒಯ್ದಿಟ್ಟು ಬರುತ್ತಿದ್ದಳು. ಮುಚ್ಚಳ ತೆಗೆದ ಮೇಲೆ ಚಪ್ಪರದಲ್ಲಿ ಏನು ನಡೆಯಿತು ಎನ್ನುವುದು ಹೆಂಗಸರು ಕೇಳುವ ವಿಷಯವಲ್ಲ. ಕೋಳಿ ಕೊಯ್ದ ದಿನ ಮಾತ್ರ ಒಂದು ಕಟ್ಟುನಿಟ್ಟು. ಕೋಳಿಯ ಹೊಟ್ಟೆಯಲ್ಲಿ ಕಾಳು ಅರೆಯುವ ಗಟ್ಟಿ ಮಾಂಸದ ಉಂಡೆ ಇರುತ್ತದಲ್ಲ, ಅದು ಯಜಮಾನನ ತುಂಡು. ಅದನ್ನು ಬೋಗುಣಿಯಲ್ಲಿ ಎಲ್ಲದರ ಮೇಲೆ ಕಾಣುವಂತೆ ಇಡಬೇಕು. ಅದನ್ನು ಹೆಂಡತಿ ತಿಂದಳು ಎಂದರೆ ಅವಳನ್ನು ತವರಿಗೆ ಅಟ್ಟಿದ ಮನೆಗಳಿವೆ. ಬೇರೆ ಗಂಡಸಿಗೆ ಬಡಿಸಿದಳು ಎಂದರೆ ಊರೇ ಸೇರುತ್ತದೆ. ನಾನು ಒಂದು ದಿನವೂ ತಪ್ಪಿದವಳಲ್ಲ.

ಹೀಗಿರುವಾಗ ಚಿಸಾಂಗಾ ಆ ಹಾಡು ಕಟ್ಟಿದ. ಕಟ್ಟಿದ್ದು ನಮ್ಮ ಚಪ್ಪರದಲ್ಲೇ.

ಮೇಕೆಯ ಮಗಳು ಬೆಸಾ, ಬೆಸಾ,
ಯಜಮಾನನ ತುಂಡು ಎಲ್ಲಿ, ಬೆಸಾ?
ಬೋಗುಣಿ ಬಂತು, ಮುಚ್ಚಳ ತೆಗೆದೆವು,
ಸಾರೂ ಇದೆ, ಮೂಳೆಯೂ ಇದೆ,
ಪಾವ್ಲೊನ ಪಾಲು ಎಲ್ಲಿ, ಬೆಸಾ?

ಮೊದಲ ಸಲ ಅದನ್ನು ಕೇಳಿ ಪಾವ್ಲೊ ನಕ್ಕ ನಗು ನನಗೆ ಇವತ್ತಿಗೂ ನೆನಪಿದೆ. ಮುದ್ದೆ ಗಂಟಲಿಗೆ ಸಿಕ್ಕಿ ಬೆನ್ನು ಗುದ್ದಬೇಕಾಯಿತು. ಅಷ್ಟು ನಗುವ ಮನುಷ್ಯನಲ್ಲ ಅವನು. ಇದರಲ್ಲಿ ಅಷ್ಟು ನಗುವುದೇನಿದೆ, ನಿನಗೆ ನಾನು ತುಂಡು ಕಳಿಸಿಲ್ಲವಾ ಎಂದು ಒಲೆಯ ಹತ್ತಿರದಿಂದಲೇ ಕೂಗಿದೆ. ಕಳಿಸಿದ್ದೀಯ ಮಾರಾಯ್ತಿ ಎಂದು ಹೇಳಿ ಮತ್ತೆ ನಕ್ಕ.

ಆ ಹಾಡು ಮೀನಿನ ದಂಡೆಗೂ ಹೋಯಿತು. ಪಟ್ಟಣದ ಲಾರಿಗಳು ಬರುವ ದಿನ ಚಿಸಾಂಗಾ ಮಗುಚಿ ಹಾಕಿದ ದೋಣಿಯ ಮೇಲೆ ಕುಳಿತು ಹಾಡುತ್ತಿದ್ದ. "ಎಲ್ಲಿ, ಬೆಸಾ?" ಎಂದು ಕೇಳಿ ಸುಮ್ಮನೆ ತಂತಿ ಮೀಟುತ್ತ ಕಾಯುತ್ತಿದ್ದ. ನಾನು ತಕ್ಕಡಿಯ ಹಿಂದಿನಿಂದ ಜವಾಬು ಕೊಡಬೇಕು. ಒಂದು ದಿನ, ತುಂಡು ಚಿರತೆಯ ಹಲ್ಲಿನ ಸಂದಿಯಲ್ಲಿ ಹುಡುಕು ಎನ್ನುವೆ; ಇನ್ನೊಂದು ದಿನ, ಕೋಳಿಯೇ ಕುರುಡಾಗಿತ್ತು, ಕಾಳು ಬಿಟ್ಟು ಕಲ್ಲು ತಿಂದು ತುಂಡು ಕರಗಿಹೋಯಿತು ಎನ್ನುವೆ. ಜನ ಕೇಕೆ ಹಾಕುತ್ತಿದ್ದರು. ಅವನ ಹಾಡಿಗಿಂತ ನನ್ನ ಬಾಯಿಯೇ ಜೋರು ಎಂದು ಲಾರಿ ಡ್ರೈವರುಗಳು ಹೇಳುತ್ತಿದ್ದುದನ್ನು ನಾನು ಜಂಬಕ್ಕೆ ಹೇಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ.

ನನಗೆ ಮೀನಲ್ಲದೆ ಇನ್ನೊಂದು ಕೆಲಸವೂ ಇತ್ತು. ಮದುವೆಗೆ ಮುಂಚೆ ಹುಡುಗಿಯನ್ನು ವಾರಗಟ್ಟಲೆ ಒಳಗೆ ಕೂರಿಸಿ, ಡೋಲು ಬಾರಿಸಿ, ಹಾಡು ಹೇಳಿ, ಮಣ್ಣಿನ ಗೊಂಬೆ ತೋರಿಸಿ ಸಂಸಾರ ಕಲಿಸುವವಳನ್ನು ನಾವು ನಾಚಿಂಬುಸಾ ಎನ್ನುತ್ತೇವೆ. ಮೂವತ್ತಾಗುವ ಮೊದಲೇ ಹಿರಿಯ ಹೆಂಗಸರು ನನ್ನನ್ನು ಆ ಕೆಲಸಕ್ಕೆ ಕೂರಿಸಿದರು. ಅದಕ್ಕೆ ಓದು ಬೇಡ, ಹಣ ಬೇಡ, ಒಳ್ಳೆಯ ಹೆಂಡತಿ ಎಂಬ ಹೆಸರೊಂದು ಬೇಕು. ಆ ಹೆಸರು ಹೋದರೆ ಕೆಲಸ ಹೋದ ಹಾಗೆಯೇ. ನನಗೆ ಮಕ್ಕಳ ನಂತರ ಹೆಮ್ಮೆಯೆಂದರೆ ಅದೇ ಇದ್ದದ್ದು.

ಮದುವೆಯಾಗಿ ಹದಿಮೂರನೇ ವರ್ಷ ಪಾವ್ಲೊಗೆ ಜ್ವರ ಬಂತು. ಮೂರು ದಿನ ಮಲಗಿದ, ನಾಲ್ಕನೇ ದಿನ ಇಲ್ಲ. ಅವನು ಅಣಬೆ ಬೆಡಗಿನವನು, ಬೈದು ಹೂಳುವ ಕೆಲಸ ಬೇರೆಯವರದಾಗಿತ್ತು. ಚಿಸಾಂಗಾ ಬ್ಯಾಂಜೊ ಮುಟ್ಟದೆ ಕಂಬಕ್ಕೆ ಒರಗಿ ಕುಳಿತಿದ್ದ. ಅವತ್ತು ಅವನೂ ಬೈಯಲಿಲ್ಲ, ನಾನೂ ಬೈಯಲಿಲ್ಲ.

ಗಂಡ ಸತ್ತವಳ ಅಂಗಳದಲ್ಲಿ ಪರಗಂಡಸು ದಿನಾ ಉಣ್ಣಲು ಬರುವುದು ಎಲ್ಲಾದರೂ ಉಂಟೆ. ಅವನು ಬರುವುದು ನಿಲ್ಲಿಸಿದ. ಎರಡು ತಿಂಗಳಿಗೆ ಮೀನಿನ ಲಾರಿ ಹತ್ತಿ ಕಿಟ್ವೆಗೆ, ತಾಮ್ರದ ಗಣಿಗಳ ಕಡೆಗೆ ಹೊರಟುಹೋದ. ಹೋಗುವ ದಿನ ನನ್ನ ತಕ್ಕಡಿಯ ಹತ್ತಿರ ಬಂದು, ಇಲ್ಲಿ ಇನ್ನು ನನಗೆ ನಗುವವರು ಯಾರೂ ಇಲ್ಲ ಎಂದ. ನಾನು ಅವನ ಚೀಲಕ್ಕೆ ಒಣಮೀನು ತುರುಕಿ, ತೊಲಗು ಇಲ್ಲಿಂದ ಎಂದೆ.

ಅವನ ಭಾಗ್ಯ ಅಲ್ಲಿ ತೆರೆಯಿತು. ಗಣಿಯವರಿಗೆ ಸಂಬಳ ಸರಿಯಾಗಿ ಬರುತ್ತಿದ್ದ ಕಾಲ. ಪಾಳಿ ಮುಗಿಸಿ ಬಂದವರು ಬಿಯರು ಕುಡಿಯುತ್ತ ಇವನ ಹಾಡಿಗೆ ಕುಣಿಯುತ್ತಿದ್ದರಂತೆ. ಮೇಸ್ತ್ರಿಗಳ ಮೇಲೆ, ಸಾಲು ನಿಂತು ತರುವ ಹಿಟ್ಟಿನ ಮೇಲೆ, ಎರಡು ಮನೆ ಮಾಡಿದ ಗಂಡಸರ ಮೇಲೆ ಹಾಡು ಕಟ್ಟಿದ. ಗಣಿಯವರೇ ಸೇರಿ ನಿಜವಾದ ಗಿಟಾರ್ ಕೊಡಿಸಿದರು. ಹಿಂದೆ ನಿಂತು ಬಾರಿಸಲು ಮೂವರು ಸಿಕ್ಕರು. ಆಮೇಲೆ ರೆಕಾರ್ಡು ಮಾಡುವ ಒಬ್ಬ ಧಣಿ ಅವನನ್ನು ಕರೆದೊಯ್ದು, ನಿನಗೆ ಅತ್ಯಂತ ಇಷ್ಟವಾದ ಹಾಡು ಹಾಡು ಎಂದನಂತೆ. ಚಿಸಾಂಗಾ ಹಾಡಿದ್ದು ನನ್ನ ಹಾಡನ್ನು. ಪಾವ್ಲೊನನ್ನು ನಗಿಸಿದ ಹಾಡು ಎಂದು ಹಾಡಿದ. ಅದು ನನಗೆ ಗೊತ್ತಾಗಲು ಬಹಳ ಕಾಲ ಹಿಡಿಯಿತು.

ರೇಡಿಯೊದಲ್ಲಿ ಮೊದಲ ಸಲ ಅದು ಬಂದಾಗ ನಾನು ದಂಡೆಯಲ್ಲಿ ಮೀನು ತಿರುವಿ ಹಾಕುತ್ತಿದ್ದೆ. "ಮೇಕೆಯ ಮಗಳು ಬೆಸಾ, ಬೆಸಾ" ಎಂದು ಪೆಟ್ಟಿಗೆಯೊಳಗಿಂದ ನನ್ನ ಹೆಸರು ಬಂತು. ಹೆಂಗಸರೆಲ್ಲ ಮೀನು ಬಿಟ್ಟು ಓಡಿಬಂದರು. ನಾನು ಕುಣಿದೆ, ಸುಳ್ಳೇಕೆ ಹೇಳಲಿ. "ಎಲ್ಲಿ, ಬೆಸಾ?" ಎಂದಾಗ ರೇಡಿಯೊಗೇ ಜವಾಬು ಕೊಟ್ಟೆ. ಆದರೆ ರೆಕಾರ್ಡಿನಲ್ಲಿ ನನ್ನ ಜವಾಬು ಇರಲಿಲ್ಲ. ಆ ಜಾಗದಲ್ಲಿ ಬರೀ ಗಿಟಾರ್ ಇತ್ತು.

ಕಶಿಕಿಶಿಯಲ್ಲಿ ಅದು ಯಾರಿಗೂ ಕೊರತೆಯಾಗಿ ಕಾಣಲಿಲ್ಲ. ಚಿರತೆ ಮೇಕೆಯನ್ನು ಬೈದರೆ ಅದು ಸುಳ್ಳು ಎಂದು ಹಸುಗೂಸಿಗೂ ಗೊತ್ತು. ಬಾಕಿ ದೇಶಕ್ಕೆ ಏನು ಗೊತ್ತು? ಆರು ವಾರ ಕಳೆದ ಮೇಲೆ ಪಾವ್ಲೊನ ಅಕ್ಕ ಡೊರಾ ಗಣಿ ಪಟ್ಟಣ ಲುವಾಂಶ್ಯದಿಂದ ಕಾಗದ ಬರೆದಳು. ಅವಳ ದೊಡ್ಡ ಮಗಳಿಗೆ ನಾನೇ ನಾಚಿಂಬುಸಾ ಎಂದು ಮಾತಾಗಿತ್ತು. ಗಂಡಿನ ಕಡೆಯವರು ಲೊಜಿ ಜನ, ದೇಶದ ಪಶ್ಚಿಮದ ತುದಿಯವರು, ಅವರಿಗೆ ನಮ್ಮ ಚಿರತೆಯೂ ಗೊತ್ತಿಲ್ಲ, ಮೇಕೆಯೂ ಗೊತ್ತಿಲ್ಲ. ಗಂಡನ ತುಂಡು ತಿಂದ ಬೆಸಾ ಕಶಿಕಿಶಿಯವಳಂತೆ, ನಿಮ್ಮ ಬೆಸಾ ಅವಳೇ ಏನು ಎಂದು ಕೇಳಿದರಂತೆ. ಇದು ತಮಾಷೆ ಎಂದು ಡೊರಾ ಎಷ್ಟು ಹೇಳಿದರೂ, ಸರ್ಕಾರದ ರೇಡಿಯೊದಲ್ಲಿ ಸುಳ್ಳು ಹಾಕುತ್ತಾರಾ ಎಂದು ಹುಡುಗನ ತಾಯಿ ಬಾಯಿ ಮುಚ್ಚಿಸಿದಳಂತೆ. ಕ್ಷಮಿಸು, ಬೇರೆಯವಳನ್ನು ಗೊತ್ತು ಮಾಡಿದ್ದೇವೆ ಎಂದು ಕಾಗದ ಮುಗಿದಿತ್ತು.

ಆ ಬೇಸಗೆ ನನಗೆ ನಾಲ್ಕು ಮದುವೆ ಒಪ್ಪಿಸಿದ್ದರು. ನಾಲ್ಕೂ ಕಡೆ ಗಂಡುಗಳು ಪಟ್ಟಣದವರು. ಒಂದೊಂದಾಗಿ ನಾಲ್ಕೂ ತಪ್ಪಿದವು. ಊರಿನ ಹೆಂಗಸರು ನನ್ನ ಪರವೇ ಇದ್ದರು, ಆದರೆ ಗಂಡಿನ ಕಡೆಯವರ ಮಾತು ಮೀರುವುದು ಹೇಗೆ ಎಂದು ಕೈ ಹಿಸುಕಿಕೊಂಡರು. ಅದನ್ನೂ ಸಹಿಸುತ್ತಿದ್ದೆ. ಲಾರಿಯಲ್ಲಿ ಬಂದ ವ್ಯಾಪಾರದವಳೊಬ್ಬಳು ನಾನು ಯಾರೆಂದು ತಿಳಿಯದೆ, ಆ ಬೆಸಾ ಗಂಡನಿಗೆ ಸರಿಯಾಗಿ ಹೊಟ್ಟೆಗೆ ಹಾಕದೆ ಅವನು ಸೊರಗಿ ಸತ್ತನಂತೆ ಎಂದು ನನಗೇ ಹೇಳಿದಳು. ನಾನು ಮೀನು ತೂಗಿ ಕೊಟ್ಟೆ. ಮನೆಗೆ ಬಂದು ಒಲೆ ಹಚ್ಚಲಿಲ್ಲ.

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಹಿರಿಯರ ಮುಂದೆ ಕೂರಿಸಿ ನೀರಿಳಿಸುತ್ತಿದ್ದೆ. ಇವನು ಮುನುಂಗ್ವೆ, ಇವನ ಮೇಲೆ ದೂರು ಹೇಳುವಂತಿಲ್ಲ. ನೋವಾಯಿತು ಎಂದ ಕ್ಷಣವೇ ನಾನು ಕಟ್ಟಳೆ ಮುರಿದವಳು. ನಲವತ್ತು ಮಾರು ದೂರದಲ್ಲಿ ಯಾರಾದರೂ ಆ ಹಾಡು ಗುನುಗಿದರೂ ನಗಬೇಕು. ನಕ್ಕೆ, ಒಂದು ವರ್ಷ ನಕ್ಕೆ.

ಕೊನೆಗೆ ಎರಡು ಮೂಟೆ ಒಣಮೀನು ಕಟ್ಟಿಕೊಂಡು ನಾನೇ ಕಿಟ್ವೆಗೆ ಹೊರಟೆ. ಮೀನು ಮಾರಲು ಎಂದು ಎಲ್ಲರಿಗೂ ಹೇಳಿದೆ, ನನಗೂ ಹಾಗೆಯೇ ಹೇಳಿಕೊಂಡೆ. ಚೆಂಬೆಯಲ್ಲಿ ಲಾರಿ ಹೊಳೆ ದಾಟುವಷ್ಟರಲ್ಲಿ ಮಧ್ಯಾಹ್ನ. ಆಚೆ ದಾರಿ ಪಕ್ಕದ ದೇಶ ಕಾಂಗೊದೊಳಗೆ ಹಾಯ್ದು ಹೋಗುತ್ತದೆ, ಅಲ್ಲಿಯ ಸಿಪಾಯಿಗಳು ಮೂರು ಕಡೆ ನಿಲ್ಲಿಸಿ ಮೀನು ಕಿತ್ತುಕೊಂಡರು. ಒಬ್ಬನ ಸೊಂಟದ ರೇಡಿಯೊದಲ್ಲಿ ನನ್ನ ಹಾಡೇ ಬರುತ್ತಿತ್ತು. ಭಾಷೆ ತಿಳಿಯದ ಅವನೂ "ಬೆಸಾ, ಬೆಸಾ" ಎಂದು ತಲೆಯಾಡಿಸುತ್ತಿದ್ದ.

ಮರುದಿನ ಶನಿವಾರ. ಗಣಿ ಕಾಲೊನಿಯ ದೊಡ್ಡ ಸಭಾಂಗಣದಲ್ಲಿ ಚಿಸಾಂಗಾನ ಹಾಡು, ಮಧ್ಯಾಹ್ನದ ಆಟ. ನಾನು ಬಾಗಿಲ ಬಳಿ ನಿಂತೆ. ಅವನು ಕೋಟು ಹಾಕಿದ್ದ, ಹೊಟ್ಟೆ ಬಂದಿತ್ತು. ಧ್ವನಿ ಮೊದಲಿಗಿಂತ ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ನನ್ನ ಹಾಡು ಬಂದಾಗ ಐನೂರು ಜನ ಒಟ್ಟಿಗೆ ಎದ್ದರು. "ಎಲ್ಲಿ, ಬೆಸಾ?" ಎಂದು ಅವನು ಕೇಳಿ ತಂತಿ ಮೀಟುತ್ತ ತಲೆ ಸ್ವಲ್ಪ ಓರೆ ಮಾಡಿ ಕಾದ, ದಂಡೆಯಲ್ಲಿ ಕಾಯುತ್ತಿದ್ದ ಹಾಗೆಯೇ. ನನ್ನಲ್ಲಿ ಹತ್ತು ಜವಾಬು ಇದ್ದವು. ಒಂದನ್ನೂ ಕೊಡದೆ ಬಾಗಿಲಿಗೆ ಇನ್ನಷ್ಟು ಒತ್ತಿ ನಿಂತೆ. ಪಕ್ಕದ ಹೆಂಗಸು, ಎಂಥ ಹೆಂಡತಿ ನೋಡಮ್ಮ, ಇಂಥವಳನ್ನು ಕೆರೆಗೆ ತಳ್ಳಬೇಕು ಎಂದಳು.

ಆಟ ಮುಗಿದ ಮೇಲೆ ಹಿಂದಿನ ಕೋಣೆಗೆ ಹೋದೆ. ಅವನು ಒಬ್ಬನೇ ಕುಳಿತು ನೆಲಗಡಲೆ ತಿನ್ನುತ್ತಿದ್ದ.

"ಏನೋ ಚಿರತೆ, ಇನ್ನೂ ಬದುಕಿದ್ದೀಯಾ? ಗುಂಡಿ ತೋಡೋಕೆ ಗುದ್ದಲಿ ತಂದಿದ್ದೆ."

ಅವನ ಮುಖ ಅರಳಿದ್ದನ್ನು ನೋಡಿ ನನಗೆ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಕೈ ಚಾಚಿ ನನ್ನನ್ನು ಹುಡುಕಿದ. ಎಲ್ಲಿ ಸತ್ತಿದ್ದೆ ಮೇಕೆ, ನಿನ್ನ ವಾಸನೆ ಹತ್ತು ಮೈಲಿಯಿಂದ ಬಂತು, ಮೀನಿನದು ಅಂದ್ಕೊಂಡೆ ಎಂದ. ನನ್ನ ಹೆಣ್ಣುಮಕ್ಕಳನ್ನು ವಿಚಾರಿಸಿದ, ಅಣ್ಣನನ್ನು, ಅಣ್ಣನ ಸೈಕಲ್ಲನ್ನು ವಿಚಾರಿಸಿದ. ಆಮೇಲೆ ಈ ವರ್ಷ ಎಷ್ಟು ಹುಡುಗಿಯರ ತಲೆ ಕೆಡಿಸಿದೆ, ಎಷ್ಟು ಮದುವೆ ಎಂದು ಕೇಳಿದ.

"ಒಂದೂ ಇಲ್ಲ."

"ಯಾಕೆ, ಗಂಡುಗಳಿಗೆ ಬುದ್ಧಿ ಬಂತಾ?"

"ಗಂಡನ ತುಂಡು ತಿಂದೋಳ ಹತ್ರ ಯಾರಪ್ಪಾ ಮಗಳನ್ನ ಕಳಿಸ್ತಾರೆ," ಎಂದು ನಾನು ನಕ್ಕೆ. ಜೋರಾಗಿಯೇ ನಕ್ಕೆ.

ಅವನು ನಗಲಿಲ್ಲ. ಕೈಯಲ್ಲಿದ್ದ ನೆಲಗಡಲೆಯನ್ನು ಬಾಯಿಗೆ ಹಾಕದೆ ಹಿಡಿದುಕೊಂಡ. ಕಣ್ಣಿದ್ದವರನ್ನು ನಗು ತೋರಿಸಿ ಏಮಾರಿಸಬಹುದು, ಇವನನ್ನು ಆಗುವುದಿಲ್ಲ ಎನ್ನುವುದನ್ನು ನಾನು ಮರೆತಿದ್ದೆ.

"ಬೆಸಾ, ನಿಜ ಹೇಳು. ನಿನಗೆ ನೋವಾಯ್ತಾ?"

ಚಿರತೆ ಮೇಕೆಯನ್ನು ಹೀಗೆ ಕೇಳುವುದನ್ನು ನಾನು ನನ್ನ ಆಯುಸ್ಸಿನಲ್ಲಿ ಕೇಳಿರಲಿಲ್ಲ. ಇದಕ್ಕೆ ಹೇಳಬೇಕಾದ ಜವಾಬು ನನಗೆ ಗೊತ್ತಿತ್ತು. ಇಲ್ಲ, ಮೇಕೆಗೆ ಚರ್ಮ ದಪ್ಪ ಎನ್ನಬೇಕು. ಬಾಯಿ ತೆರೆದೆ.

"ಹೂಂ," ಎಂದೆ. "ನನ್ನ ಕೆಲಸ ಹೋಯ್ತು, ಪರವಾಗಿಲ್ಲ. ಪಾವ್ಲೊನ ನಾನು ಹೊಟ್ಟೆಗೆ ಹಾಕದೆ ಕೊಂದೆ ಅಂತಾರೆ ಚಿಸಾಂಗಾ. ಅದನ್ನ ತಡ್ಕೊಳ್ಳೋಕೆ ಆಗ್ತಿಲ್ಲ."

ಅವನು ಕ್ಷಮಿಸು ಎನ್ನಲಿಲ್ಲ, ಸರಿ ಮಾಡುತ್ತೇನೆ ಎನ್ನಲಿಲ್ಲ. ನೆಲಗಡಲೆಯನ್ನು ಪಕ್ಕಕ್ಕಿಟ್ಟು, ಅದನ್ನು ಹೇಳಬೇಡ ಅಂತ ಅವನು ಮಾತು ತಗೊಂಡಿದ್ದ ಎಂದು ತನಗೆ ತಾನೇ ಅಂದುಕೊಂಡ. ಯಾರು, ಏನು ಎಂದು ಕೇಳಿದರೆ ತಲೆ ಅಲ್ಲಾಡಿಸಿದ. ನಾನು ಎದ್ದು ಬಂದೆ. ಕಟ್ಟಳೆಯೂ ಮುರಿಯಿತು, ಉಪಯೋಗವೂ ಆಗಲಿಲ್ಲ ಎಂದು ಲಾರಿಯಲ್ಲಿ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಮಳೆಗಾಲ ಕಳೆಯಿತು. ಒಂದು ದಿನ ಬೆಳಿಗ್ಗೆ ಲಾರಿ ಡ್ರೈವರೊಬ್ಬ ಗಾಡಿ ನಿಲ್ಲಿಸಿದವನೇ, ಬೆಸಕ್ಕ, ನಿನ್ನ ಚಿರತೆಗೆ ತಲೆ ಕೆಟ್ಟಿದೆ ಎಂದ. ದೇಶವೇ ಕುಣಿಯುವ ಹಾಡನ್ನು ಇನ್ನು ಹಾಡುವುದಿಲ್ಲ ಎನ್ನುತ್ತಾನಂತೆ. ಜನ ದುಡ್ಡು ವಾಪಸು ಕೊಡಿ ಎಂದು ಗಲಾಟೆ ಮಾಡಿದರೂ ಹಾಡಲಿಲ್ಲವಂತೆ. ಅದನ್ನು ಸುಳ್ಳು ಮಾಡುವ ಇನ್ನೊಂದು ಹಾಡು ಕಟ್ಟಿದ್ದಾನಂತೆ. ಅದು ಬಂದರೆ ಮೊದಲನೆಯದನ್ನು ಯಾರೂ ಕೊಳ್ಳುವುದಿಲ್ಲ, ಹಾಗೇನಾದರೂ ಮಾಡಿದರೆ ನನ್ನ ಮನೆ ಬಾಗಿಲಿಗೆ ಬರಬೇಡ ಎಂದು ರೆಕಾರ್ಡಿನ ಧಣಿ ಹೇಳಿದ್ದಾನಂತೆ. ಚಿಸಾಂಗಾ ಗಿಟಾರ್ ಎತ್ತಿಕೊಂಡು ಬೇರೆ ಕಡೆ ಹೋಗಿ, ತನ್ನ ಕೈಯಿಂದಲೇ ಖರ್ಚು ಹಾಕಿ ಹಾಡಿಬಂದನಂತೆ.

ನಾಲ್ಕು ದಿನಕ್ಕೆ ಅದು ರೇಡಿಯೊದಲ್ಲಿ ಬಂತು. ಮಧ್ಯಾಹ್ನದ ಹೊತ್ತು, ನಾನು ಅಂಗಳದಲ್ಲಿ ಮರಗೆಣಸಿನ ಹಿಟ್ಟು ಒಣಹಾಕುತ್ತಿದ್ದೆ. ಮುಸೊಂಡಾ ಕೂಗಿದಳು. ಹಿಂದೆ ಯಾವ ವಾದ್ಯದವರೂ ಇರಲಿಲ್ಲ. ಅವನೊಬ್ಬನೇ, ಅದೂ ಗಿಟಾರ್ ಅಲ್ಲ, ಹಳೆಯ ಡಬ್ಬದ ಬ್ಯಾಂಜೊ. ಮೊದಲು ಹಾಡದೆ ಮಾತಿನಲ್ಲೇ ಹೇಳಿದ. ನಾನು ಚಿರತೆ, ಬೆಸಾ ಮೇಕೆ, ನಮ್ಮಲ್ಲಿ ಚಿರತೆ ಮೇಕೆಯ ಬಗ್ಗೆ ಹೇಳಿದ್ದೆಲ್ಲ ಸುಳ್ಳು, ತಿಳಿಯದವರು ನಿಮ್ಮ ಪಕ್ಕದ ಮನೆಯಲ್ಲಿ ನಮ್ಮ ಲುವಾಪುಲಾ ಸೀಮೆಯವರಿದ್ದರೆ ಅವರನ್ನು ಕೇಳಿ ಎಂದ. ಆಮೇಲೆ ಹಾಡಿದ.

ಮೇಕೆಯ ಮಗಳು ಬೆಸಾ, ಬೆಸಾ,
ಯಜಮಾನನ ತುಂಡು ನೀ ಕಳಿಸಿದೆ, ಬೆಸಾ.
ಮುಚ್ಚಳ ತೆಗೆದ, ಪಾವ್ಲೊ ನೋಡಿದ,
ಮಾತಿಲ್ಲದೆ ನನ್ನ ಅಂಗೈಲಿಟ್ಟ.
ಹನ್ನೊಂದು ವರ್ಷ, ಒಂದೂ ಬಿಡದೆ,
ಪಾವ್ಲೊನ ಪಾಲು ತಿಂದವ ನಾನು.
ಬೆಸಾಗೆ ಹೇಳಬೇಡ ಎಂದಿದ್ದ ಅವನು,
ಪಾವ್ಲೊ, ಮಾತು ತಪ್ಪಿದೆ, ಮನ್ನಿಸು ನೀನು.

ನಾನು ಹಿಟ್ಟಿನ ಮೇಲೆಯೇ ಕುಳಿತುಬಿಟ್ಟೆ. ಹನ್ನೊಂದು ವರ್ಷ ಕೋಳಿ ಕೊಯ್ದಾಗಲೆಲ್ಲ ಆ ತುಂಡನ್ನು ತೊಳೆದು, ಉಪ್ಪು ಹಿಡಿಸಿ, ಎಲ್ಲದರ ಮೇಲೆ ಇಟ್ಟು ಕಳಿಸಿದ್ದೆ. ಖಾಲಿ ಬೋಗುಣಿ ಬಂದಾಗ ನನ್ನ ಗಂಡ ತಿಂದ ಎಂದು ಹೊಟ್ಟೆ ತಂಪಾಗುತ್ತಿತ್ತು. ಅವನು ಒಂದು ಸಲವೂ ಅದರ ರುಚಿ ನೋಡಿರಲಿಲ್ಲ. ಊರಿನವರೆಲ್ಲ ಚಿಸಾಂಗಾನಿಗೆ ಬಿಟ್ಟುಕೊಟ್ಟದ್ದು ಕರುಣೆಯ ತುಂಡು, ಎಲ್ಲರೂ ನೋಡಲಿ ಎಂದು ಕೊಟ್ಟದ್ದು. ಪಾವ್ಲೊ ಕೊಟ್ಟದ್ದು ಯಜಮಾನನ ತುಂಡನ್ನು, ತಾಯಿ ಸತ್ತು ಯಾರ ಮನೆಗೂ ಯಜಮಾನನಾಗದ ಒಬ್ಬನಿಗೆ, ಮನೆಯವಳಿಗೂ ಗೊತ್ತಾಗದ ಹಾಗೆ. ಮುದ್ದೆ ಗಂಟಲಿಗೆ ಸಿಗುವಷ್ಟು ಅವನು ಯಾಕೆ ನಕ್ಕನೆಂದು ನನಗೆ ಆಗ ಹೊಳೆಯಿತು. ತುಂಡು ಬಾಯಲ್ಲಿಟ್ಟುಕೊಂಡೇ ಚಿಸಾಂಗಾ ನನ್ನನ್ನು ಕಳ್ಳಿ ಎಂದು ಹಾಡುತ್ತಿದ್ದ. ಇಬ್ಬರೂ ಸೇರಿ ನನ್ನನ್ನು ಹನ್ನೊಂದು ವರ್ಷ ಮಂಗ ಮಾಡಿದ್ದರು. ನಾನು ನಕ್ಕೆ, ಆ ವರ್ಷ ನಿಜವಾಗಿ ನಕ್ಕದ್ದು ಅದೊಂದೇ ಸಲ. ನಗುತ್ತಲೇ ಅತ್ತೆ. ಮುಸೊಂಡಾ ಹೆದರಿ ನೀರು ತಂದಳು.

ಆ ಹಾಡು ಮೊದಲಿನದರಷ್ಟು ಓಡಲಿಲ್ಲ. ಅದಕ್ಕೆ ಕುಣಿಯಲು ಬರುವುದಿಲ್ಲ. ಧಣಿ ಹೇಳಿದ ಮಾತು ಉಳಿಸಿಕೊಂಡ. ಎರಡು ವರ್ಷ ಚಿಸಾಂಗಾನಿಗೆ ರೆಕಾರ್ಡು ಇಲ್ಲ, ಸಭಾಂಗಣದ ಆಟ ಇಲ್ಲ, ಮತ್ತೆ ಬಿಯರು ಅಂಗಡಿಗಳ ಬೆಂಚೇ ಗತಿಯಾಯಿತು. ಬೀದಿಯಲ್ಲಿ ಹುಡುಗರು ಅವನನ್ನು ತುಂಡುಗಳ್ಳ ಎಂದು ಕೂಗುತ್ತಿದ್ದರಂತೆ. ಅವನು ಟೋಪಿ ಎತ್ತಿ, ಹೌದು ಸ್ವಾಮಿ, ರುಚಿಯಾಗಿತ್ತು ಎನ್ನುತ್ತಿದ್ದನಂತೆ. ಆಮೇಲೆ ಅವನು ಮತ್ತೆ ಮೇಲೆ ಬಂದ, ದೇಶ ಸುತ್ತಿದ, ಹೆಂಡತಿ ಮಕ್ಕಳಾದರು, ಅವೆಲ್ಲ ಎಲ್ಲರಿಗೂ ಗೊತ್ತಿರುವ ಕಥೆ. ನನಗೆ ಅವನು ದೊಡ್ಡವನಾದದ್ದು ಆ ಎರಡು ವರ್ಷದಲ್ಲಿ. ಇದನ್ನು ಅವನೆದುರು ನಾನು ಯಾವತ್ತೂ ಹೇಳಿಲ್ಲ, ಹೇಳುವುದೂ ಇಲ್ಲ. ಮುಂದಿನ ಸಲ ಕಂಡಾಗ, ನನ್ನ ಹನ್ನೊಂದು ವರ್ಷದ ಕೋಳಿ ವಾಪಸು ಕೊಡು ಎಂದೆ. ಅವನು ನನ್ನ ಕರವಸ್ತ್ರ ಎತ್ತಿಕೊಂಡು ಹೋದ.

ಎರಡನೇ ಹಾಡು ಬಂದ ವರ್ಷದ ಬೇಸಗೆಯಲ್ಲಿ ಡೊರಾ ತನ್ನ ಎರಡನೇ ಮಗಳನ್ನು ಕರೆದುಕೊಂಡು ತಾನೇ ಬಂದಳು. ಅಂಗಳದಲ್ಲಿ ನಿಂತು, ಬೆಸಾ, ಈ ಸಲದ ಗಂಡಿನ ತಾಯಿಯೇ ಹೇಳಿ ಕಳಿಸಿದಾಳೆ, ಆ ಪಾವ್ಲೊನ ಹೆಂಡ್ತಿಯೇ ಕಲಿಸಬೇಕಂತೆ ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ತಮ್ಮನ ಹೆಸರು ಅವಳ ಬಾಯಲ್ಲಿ ಬಂದದ್ದೇ ಇಬ್ಬರಿಗೂ ಸಾಕಾಯಿತು.

ಹುಡುಗಿಯನ್ನು ಒಳಗೆ ಕೂರಿಸಿದೆವು. ಮೂರನೇ ವಾರ ಕೋಳಿಯ ಪಾಠ. ಪಟ್ಟಣದಲ್ಲಿ ಬೆಳೆದವಳು, ಎಲ್ಲದಕ್ಕೂ ಯಾಕೆ ಎನ್ನುತ್ತಿದ್ದಳು. ಯಜಮಾನನ ತುಂಡನ್ನು ಹೇಗೆ ತೊಳೆಯಬೇಕು, ಎಲ್ಲಿ ಇಡಬೇಕು, ಮುಚ್ಚಳ ಹೇಗೆ ಹಾಕಬೇಕು ಎಂದೆಲ್ಲ ತೋರಿಸಿದೆ. ಕಳಿಸಿದ ಮೇಲೆ ಚಪ್ಪರದ ಕಡೆ ಇಣುಕಬಾರದು ಎಂದೆ.

"ಅವನು ತಿಂದನೋ ಇಲ್ವೋ ಅಂತ ನನಗೆ ಹೇಗೆ ಗೊತ್ತಾಗ್ಬೇಕು, ಅತ್ತೆ?" ಎಂದಳು.

ಹಿಂದಿನ ನಾಚಿಂಬುಸಾಗಳು ನನಗೆ ಇದಕ್ಕೆ ಉತ್ತರ ಕಲಿಸಿರಲಿಲ್ಲ. ನಾನೇ ಹೇಳಬೇಕಾಯಿತು.

"ಗೊತ್ತಾಗಲ್ಲ ಮಗಳೇ," ಎಂದೆ. "ನಿನ್ನ ಮಾವ ಪಾವ್ಲೊ ಹನ್ನೊಂದು ವರ್ಷ ಒಂದು ದಿನವೂ ತಿನ್ನಲಿಲ್ಲ. ನಾನು ಎಂಥವನ ಜೊತೆ ಬಾಳಿದೆ ಅಂತ ನನಗೆ ಗೊತ್ತಾಗಿದ್ದು ಅವನು ಹೋದ ಮೇಲೆ, ರೇಡಿಯೊ ಕೇಳಿ. ನೀನು ಚೆನ್ನಾಗಿ ತೊಳೆದು ಕಳಿಸು."